ಎಂಟನೆಯ ಮನೆಯಲ್ಲಿ ಕೂತವಳು

ಹುನಗುಂದದಲ್ಲಿ ಮತಯಂತ್ರ ಹಂಚುವ ಮೈದಾನದಲ್ಲಿ ನನ್ನ ಕೈಗೆ ಬಂದ ಚುನಾವಣಾ ಕೆಲಸದ ಆದೇಶದ ಮೇಲೆ ಆ ಊರಿನ ಹೆಸರು ಕಂಡಾಗ ನಾನು ಮೊದಲು ಮಾಡಿದ ಕೆಲಸ ಸುಳ್ಳು ಹೇಳಿದ್ದು. ಹೊಟ್ಟೆ ನೋವು ಸರ್, ಬೇರೆ ಕಡೆ ಹಾಕಿ, ಇಲ್ಲವೇ ಮನೆಗೆ ಕಳಿಸಿ ಎಂದೆ. ಪೆಂಡಾಲಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದ ಅಧಿಕಾರಿ ತಲೆ ಎತ್ತಲೂ ಇಲ್ಲ. "ಅಕ್ಕೋರ, ಇವತ್ತ ಎಲ್ಲಾರ ಹೊಟ್ಟೀನೂ ನೋಯ್ತಾವ್ರಿ. ಹೋಗಿ ಬಸ್ ಹತ್ರಿ" ಎಂದರು. ಹತ್ತಿದೆ.

ಹನ್ನೆರಡು ವರ್ಷ ಆ ಊರಿನ ಹೆಸರನ್ನು ನಾನು ಬಾಯಿಂದ ಆಡಿರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಹುನಗುಂದದಿಂದ ಕೂಡಲಸಂಗಮದ ದಿಕ್ಕಿಗೆ ಹೋಗುವಾಗ ಎರೆಹೊಲಗಳ ನಡುವೆ ಸಿಗುವ ಸಣ್ಣ ಊರು ಎಂದಷ್ಟೇ ತಿಳಿದುಕೊಳ್ಳಿ. ಅಲ್ಲಿಯ ಶಾಲೆಯಲ್ಲಿ ನಾನು ಒಂದೇ ಒಂದು ವರ್ಷ ಪಾಠ ಮಾಡಿದೆ. ಅಲ್ಲಿ ಎರಡನೆಯ ತರಗತಿಯಲ್ಲಿ ಮಾಳವ್ವ ಎಂಬ ಹುಡುಗಿ ಇದ್ದಳು. ಅವಳು ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದು ಕಷ್ಟವಿರಲಿಲ್ಲ, ಒಂದು ಫೋನು ಸಾಕಿತ್ತು. ನನಗೆ ಧೈರ್ಯ ಇರಲಿಲ್ಲ, ಅಷ್ಟೇ. ಬದುಕಿದ್ದರೆ ಈಗ ಅವಳಿಗೆ ಹತ್ತೊಂಬತ್ತು ವರ್ಷ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಆ ಪಟ್ಟಿ ನಮ್ಮ ಮತಗಟ್ಟೆಯ ಚೀಲದಲ್ಲಿ, ನನ್ನ ಕಾಲ ಹತ್ತಿರವೇ ಇತ್ತು. ದಾರಿಯುದ್ದಕ್ಕೂ ನಾನು ಅದನ್ನು ತೆರೆಯಲಿಲ್ಲ.

ಶಾಲೆಯ ಅಂಗಳದಲ್ಲಿ ಇಳಿದಾಗ ಪಂಚಾಯತಿಯ ಮನುಷ್ಯನೊಬ್ಬ ಸರತಿಯ ಸಾಲಿಗೆ ಗೆರೆ ಎಳೆಯುತ್ತಿದ್ದ. ಮಣ್ಣಿಗೆ ನೀರು ಹೊಡೆದು ಅದರ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದ. ಕಾದ ನೆಲ, ನೀರು, ಸುಣ್ಣ, ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿದು ನಾನು ಅಲ್ಲೇ ನಿಂತೆ. ಬೇವಿನ ಮರದ ಕೆಳಗೆ, ಕೆಂಪುಕಲ್ಲಿನ ಚಪ್ಪಡಿಗಳ ಮೇಲೆ, ರಜೆಯ ಮಕ್ಕಳು ಏಳೆಂಟು ಜನ ಆಡುತ್ತಿದ್ದರು. ಉದ್ದಕ್ಕೆ ಇಪ್ಪತ್ತು ಮನೆ ಬರೆದಿದ್ದರು. ಒಬ್ಬ ಹುಡುಗಿ ಜಿಗಿಯುತ್ತ ಬಂದಳು. "ಲಾಭ, ಎರಡ, ಮೂರ, ನಾಕ..." ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮಕ್ಕಳ ಬಾಯಲ್ಲೂ ಅದೇ. ಎಂಟನೆಯ ಮನೆಗೆ ಬಂದವಳೇ ಆ ಹುಡುಗಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಮೂರು ಸಲ ದೊಡ್ಡದಾಗಿ ಉಸಿರು ಬಿಟ್ಟಳು. ಆಮೇಲೆ ಅವಳು ಏಳಲಿಲ್ಲ. ಹೊರಗೆ ನಿಂತಿದ್ದ ಇನ್ನೊಬ್ಬಳು ಬಂದು ಅವಳ ಹೆಗಲು ಮುಟ್ಟಿ, ಒಂಬತ್ತನೆಯ ಮನೆಯಿಂದ ಮುಂದೆ ಜಿಗಿದುಕೊಂಡು ಹೋದಳು.

"ಎಂಟಕ್ಕ ಯಾಕ ಕುಂತಿ?" ಎಂದು ಕೇಳಿದೆ.

"ಎಂಟಕ್ಕ ಕುಂದರಬೇಕ್ರಿ."

"ಯಾಕ?"

"ಯಾಕಂದ್ರ, ಆಟ ಹಂಗ ಐತ್ರಿ. ದೊಡ್ಡ ಹುಡುಗ್ರು ಹಂಗ ಆಡ್ತಿದ್ರು." ಎಂಥ ದಡ್ಡ ಪ್ರಶ್ನೆ ಎನ್ನುವಂತೆ ನನ್ನನ್ನು ನೋಡಿದಳು.

ನಾನು ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜೊತೆಗೆ ಬಂದಿದ್ದವರು ಬಿಸಿಲು ಹತ್ತಿತು ಎಂದುಕೊಂಡು ನೀರು ತಂದುಕೊಟ್ಟರು.

ಆ ವರ್ಷ ನನಗೆ ಇಪ್ಪತ್ತಾರು. ಇಳಕಲ್ಲಿನ ಮನೆಯಿಂದ ದಿನಾಲೂ ಬೆಳಿಗ್ಗೆ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು ಎರಡು ಮೈಲು ನಡೆದು ಶಾಲೆಗೆ ಬರುತ್ತಿದ್ದೆ. ನಮ್ಮದು ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕೂತು ಕಾಲಿನಿಂದ ಹಲಗೆ ತುಳಿಯುತ್ತಿದ್ದರೆ, ಪಕ್ಕದಲ್ಲಿ ಕೂತ ನಾನು ಒಂದೊಂದು ತುಳಿತಕ್ಕೆ ಒಂದೊಂದು ಲೆಕ್ಕ ಹೇಳುತ್ತಿದ್ದೆ. ಎರಡೊಂದಲ ಎರಡು, ಎರಡೆರಡಲ ನಾಲ್ಕು. ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ, ಲಾಳಿ ನಿಲ್ಲಿಸುತ್ತಿದ್ದರು. ಸದ್ದು ನಿಂತದ್ದೇ ತಪ್ಪು ಗೊತ್ತಾಗುತ್ತಿತ್ತು. ಲೆಕ್ಕ ಎನ್ನುವುದು ಕೈಕಾಲಿನಿಂದ ತಲೆಗೆ ಹತ್ತುವ ವಿದ್ಯೆ ಎಂದು ನಾನು ನಂಬಿದ್ದು ಅಲ್ಲಿಂದ. ಅದಕ್ಕೇ ಆ ವರ್ಷ ಮೇ ತಿಂಗಳಲ್ಲಿ ಬಾಗಲಕೋಟೆಯ ನವನಗರದಲ್ಲಿ ನಡೆದ ತರಬೇತಿಯಲ್ಲಿ, ಮಕ್ಕಳನ್ನು ಕುಣಿಸಿ, ಜಿಗಿಸಿ, ಚೆಂಡು ಹಿಡಿಸಿ ಗಣಿತ ಕಲಿಸಬಹುದು ಎಂದು ಹೇಳಿಕೊಟ್ಟಾಗ ಉಳಿದವರೆಲ್ಲ ಆಕಳಿಸಿದರು, ನಾನು ಮಾತ್ರ ಎರಡು ನೋಟ್‌ಬುಕ್ ತುಂಬಾ ಬರೆದುಕೊಂಡೆ.

ಜೂನ್ ಬಂತು. ಆ ಸಲ ಮುಂಗಾರು ಬರೀ ಮೋಡ, ಬರೀ ಗಾಳಿ. ಒಂದು ದಿನ ಹನಿದರೆ ನಾಲ್ಕು ದಿನ ಒಣಗಾಳಿ. ಅಂಗಳಕ್ಕೆ ಇಳಕಲ್ಲಿನ ಕಲ್ಲಿನ ಕಾರ್ಖಾನೆಯವರು ಕೊಟ್ಟ ಒಡಕು ಚಪ್ಪಡಿಗಳನ್ನು ಹಾಸಿದ್ದರು. ಅದರ ಮೇಲೆ ಸುಣ್ಣದಿಂದ ಇಪ್ಪತ್ತು ಮನೆ ಬರೆದೆ. ಆರಕ್ಕೆ ಐದು ಕೂಡಿಸು ಎಂದರೆ ಮಗು ಆರು ಮನೆ ಜಿಗಿದು ನಿಂತು, ಅಲ್ಲಿಂದ ಮತ್ತೆ ಐದು ಜಿಗಿಯಬೇಕು. ಎಲ್ಲಿ ನಿಂತಿತೋ ಅದೇ ಉತ್ತರ. ಕಳೆಯುವುದಾದರೆ ಹಿಂದಕ್ಕೆ ಜಿಗಿ. ಬೆರಳು ಮಡಚಿ ಮಡಚಿ ಬೇಸತ್ತಿದ್ದ ಮಕ್ಕಳು ಹುಚ್ಚೆದ್ದು ಕುಣಿದರು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಗಂಟೆ ಹೊಡೆಯುವ ಮೊದಲೇ ಬಂದು ಗೆರೆ ಕಾಯುತ್ತ ನಿಲ್ಲುತ್ತಿದ್ದರು. ರಾತ್ರಿ ಮಳೆಗೆ ಗೆರೆ ಹೋಗಿದ್ದರೆ ಅವರೇ ತಿದ್ದಿರುತ್ತಿದ್ದರು. ಹೆಡ್‌ಮಾಸ್ತರರು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮೆತ್ತನೆಯ ಮನುಷ್ಯ, ಕಿಟಕಿಯಿಂದ ಇಣುಕಿ, "ಅಕ್ಕೋರ, ಇದು ಸಾಲೀನೋ ಗರಡಿ ಮನೀನೋ?" ಎಂದು ನಗುತ್ತಿದ್ದರು. ನಾನು ಉಬ್ಬಿಹೋಗಿದ್ದೆ. ಸುಳ್ಳೇಕೆ, ಸೊಕ್ಕು ಬಂದಿತ್ತು.

ನನ್ನ ಈ ಸೊಕ್ಕಿಗೆ ಅಡ್ಡವಾಗಿ ನಿಂತವಳು ಮಾಳವ್ವ. ನಿಂತವಳಲ್ಲ, ಕೂತವಳು.

ಬೀರಪ್ಪ ದೇವರ ಒಕ್ಕಲಿನ ಕುರಿಗಾರರ ಮನೆಯ ಹುಡುಗಿ. ಅಪ್ಪ ಸಿದ್ದಪ್ಪ ಮತ್ತು ಅವ್ವ ಕುರಿ ಹೊಡೆದುಕೊಂಡು ವರ್ಷದ ಒಂಬತ್ತು ತಿಂಗಳು ಹೊರಗೆ. ಊರಲ್ಲಿ ಇವಳು, ಇವಳು ಆಯಿ ಎನ್ನುವ ಅಜ್ಜಿ ಇಬ್ಬರೇ. ಕಡ್ಡಿಯಂಥ ಹುಡುಗಿ, ಮಾತು ಕಡಿಮೆ. ತುಟಿ ಯಾವಾಗಲೂ ನೀಲಿ. ಅದು ನೇರಳೆಹಣ್ಣಿನ ಕಾಲ, ಬಾಯಿ ಒರಸ್ಕೊ ಹುಡುಗಿ, ಸಾಲಿಗೆ ಬರೂಮುಂದ ನೇರಳಹಣ್ಣ ತಿನಬ್ಯಾಡ ಎಂದು ನಾನು ಎರಡು ಸಲ ಬೈದಿದ್ದೆ. ಅವಳು ಲಂಗದ ತುದಿಯಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಬಣ್ಣ ಹೋಗುತ್ತಿರಲಿಲ್ಲ. ನೇರಳೆಯ ಕಾಲ ಮುಗಿದ ಮೇಲೂ ತುಟಿ ಹಾಗೇ ಇತ್ತು. ಕಣ್ಣಿದ್ದೂ ನಾನು ಅದನ್ನು ನೋಡಲಿಲ್ಲ.

ಜಿಗಿತದ ಲೆಕ್ಕದಲ್ಲಿ ಮಾಳವ್ವ ಎಂಟರವರೆಗೆ ಚೆನ್ನಾಗಿ ಬರುತ್ತಿದ್ದಳು. ಎಂಟನೆಯ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಮಂಡಿಯ ಮೇಲೆ ಗದ್ದ ಇಟ್ಟು ನೆಲ ನೋಡುತ್ತಿದ್ದಳು. ಆಗ ಅವಳ ಗೆಳತಿ ರೇಣುಕಾ, ಯಾರೂ ಕರೆಯದಿದ್ದರೂ ಓಡಿಬಂದು ಅವಳ ಹೆಗಲು ಮುಟ್ಟಿ ಒಂಬತ್ತು, ಹತ್ತು ಎಂದು ಉಳಿದ ಮನೆಗಳನ್ನು ಜಿಗಿದು ಮುಗಿಸುತ್ತಿದ್ದಳು. ಉಳಿದ ಮಕ್ಕಳು ಇದಕ್ಕೆ ತಕರಾರು ಮಾಡುತ್ತಿರಲಿಲ್ಲ. ತಮ್ಮೊಳಗೇ ತೀರ್ಮಾನ ಆದಂತೆ ಸುಮ್ಮನೆ ನೋಡುತ್ತಿದ್ದರು. ತಕರಾರು ನನ್ನದೊಬ್ಬಳದೇ.

ಇವಳಿಗೆ ಎಂಟರ ಮುಂದಿನ ಅಂಕಿ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಪಾಟಿಯ ಮೇಲೆ ಬರೆಯಲು ಕೊಟ್ಟರೆ ಐವತ್ತರವರೆಗೆ ತಪ್ಪಿಲ್ಲದೆ ಬರೆದು ತಂದಳು. ಪಕ್ಕದಲ್ಲಿ ರೇಣುಕಾ ಕೂತಿದ್ದಳಲ್ಲ, ನಕಲು ಮಾಡಿದ್ದಾಳೆ ಎಂದುಕೊಂಡೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿದೆ. ಆಗಲೂ ಸರಿಯಾಗಿ ಬರೆದಳು. ಬಾಯಿಪಾಠ ಮಾಡಿದ್ದಾಳೆ, ಅರ್ಥ ಆಗಿಲ್ಲ ಎಂದೆ. ಒಮ್ಮೆ ತಪ್ಪು ದಾರಿ ಹಿಡಿದವರಿಗೆ ಎದುರಿಗೆ ಬಂದ ಕೈಮರವೂ ತಪ್ಪಾಗಿಯೇ ಕಾಣುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ 'ಎಂಟಕ್ಕೆ ನಿಲ್ಲುತ್ತಾಳೆ' ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

ಒಂದು ದಿನ ರೇಣುಕಾ ಧೈರ್ಯ ಮಾಡಿ ಹೇಳಿಯೂ ಹೇಳಿದಳು: "ಅಕ್ಕೋರ, ಆಕೀಗಿ ಆಗೂದಿಲ್ರಿ."

"ಆಗೂದಿಲ್ಲ ಅನ್ನೂ ಮಾತು ನನ್ನ ಕ್ಲಾಸಿನಾಗ ಇಲ್ಲ" ಎಂದೆ. ತರಬೇತಿಯಲ್ಲಿ ಕೇಳಿದ ಮಾತು ಅದು. ಹೇಳಲು ಬಹಳ ಚೆನ್ನಾಗಿತ್ತು.

ಆಷಾಢದ ಗಾಳಿ ಕಳೆದು ಶ್ರಾವಣದಲ್ಲಿ ನಾಲ್ಕು ಒಳ್ಳೆಯ ಮಳೆ ಬಿದ್ದವು. ಹೊಲದಲ್ಲಿ ಹೆಸರು ಬೆಳೆ ಹೂ ಬಿಟ್ಟಿತ್ತು. ನನ್ನ ಜಿಗಿತದ ಲೆಕ್ಕದ ಸುದ್ದಿ ಮೇಲಿನವರ ಕಿವಿಗೆ ಬಿದ್ದು, ಒಬ್ಬ ಅಧಿಕಾರಿ ನೋಡಲು ಬರುತ್ತಾರೆ ಎಂದು ಹೇಳಿ ಕಳಿಸಿದರು. ನಾನು ಇಳಕಲ್ಲಿನಿಂದ ಬಿಳಿ ಆಯಿಲ್ ಪೇಂಟ್ ತಂದು, ಮಳೆಗೆ ಹೋಗದ ಹಾಗೆ ಇಪ್ಪತ್ತು ಮನೆಗಳನ್ನೂ ಚಪ್ಪಡಿಯ ಮೇಲೆ ಬರೆದೆ. ಮಕ್ಕಳೆಲ್ಲ ಸುತ್ತ ಕೂತು ನೋಡಿದರು. ಮಾಳವ್ವ ಅಂಕಿಗಳ ಮೇಲೆ ಊದಿ ಊದಿ ಒಣಗಿಸಲು ಹೋಗಿ, ಎರಡು ಅಂಕಿಗೇ ದಣಿದು ಕೂತಳು. ಅದನ್ನೂ ನೋಡಿದೆ. ಸೋಮಾರಿ ಎಂದುಕೊಂಡೆ.

ಅಧಿಕಾರಿ ಬಂದ ದಿನ ಮೋಡ ಕವಿದು ಸೆಖೆಯಾಗಿತ್ತು. ಒಂದೊಂದೇ ಮಗು ಜಿಗಿದು ಉತ್ತರ ಹೇಳಿತು. ಅವರು ತಲೆದೂಗಿದರು. "ಎಲ್ಲಾ ಮಕ್ಕಳೂ ಮಾಡ್ತಾರೇನ್ರಿ?" ಎಂದು ಕೇಳಿದರು. "ಎಲ್ಲಾರೂ ಸರ್" ಎಂದೆ. ಅವರ ಬೆರಳು ಹೋಗಿ ಹೋಗಿ ಮೂಲೆಯಲ್ಲಿದ್ದ ಮಾಳವ್ವನ ಕಡೆಗೇ ತಿರುಗಿತು. ಎಂಟಕ್ಕೆ ಹನ್ನೆರಡು ಕೂಡಿಸು ಎಂದರು.

ರೇಣುಕಾ ಎದ್ದು ನಿಂತಳು. ನಾನು ಕಣ್ಣಲ್ಲೇ ಕೂರಿಸಿದೆ. ಮಾಳವ್ವ ಗೆರೆಯ ತುದಿಗೆ ಬಂದು ನಿಂತು ಒಮ್ಮೆ ರೇಣುಕಾಳನ್ನು ನೋಡಿದಳು, ಒಮ್ಮೆ ನನ್ನನ್ನು. ಆಮೇಲೆ ಜಿಗಿದಳು. ಲಾಭ, ಎರಡು, ಮೂರು. ಮಕ್ಕಳು ಚಪ್ಪಾಳೆ ಹಾಕತೊಡಗಿದರು. ಎಂಟಕ್ಕೆ ಬಂದಳು, ಮಂಡಿ ಬಾಗಿತು.

"ಕುಂದರಬ್ಯಾಡ!" ಎಂದು ಕೂಗಿದೆ. "ನಿಂದರು. ಒಂಬತ್ತ ಅನ್ನು. ಜಿಗಿ!"

ಅವಳು ಎದ್ದಳು. ಒಂಬತ್ತು. ಹತ್ತು. ಅಧಿಕಾರಿಯೂ ಚಪ್ಪಾಳೆಗೆ ಕೈ ಸೇರಿಸಿದರು. ಹನ್ನೊಂದು ಎನ್ನುವಾಗ ದನಿ ಇರಲಿಲ್ಲ, ತುಟಿಯಷ್ಟೇ ಆಡಿತು. ಹನ್ನೆರಡು. ನನ್ನ ಎದೆ ಹಿಗ್ಗಿತ್ತು, ನೋಡಿದಿರಾ, ಹಟ ಹಿಡಿದರೆ ಬರುತ್ತದೆ ಎಂದು. ಹದಿಮೂರನೆಯ ಮನೆಯಲ್ಲಿ ಮಾಳವ್ವ ಮುಖ ಅಡಿಯಾಗಿ ಬಿದ್ದಳು.

ಎತ್ತಿದಾಗ ಅವಳ ಮೈ ತಣ್ಣಗಿತ್ತು. ತುಟಿ, ಉಗುರು, ಕಿವಿಯ ತುದಿ ಎಲ್ಲ ಹಣ್ಣಾದ ನೇರಳೆಯ ಬಣ್ಣ. ಆಗ ನೋಡಿದೆ ಅವಳ ಬೆರಳುಗಳನ್ನು. ತುದಿಗಳು ಉಬ್ಬಿ ದುಂಡಗಾಗಿದ್ದವು. ಅವಳ ಕೈ ಹಿಡಿದು ಅಂಕಿ ತಿದ್ದಿಸಿದವಳು ನಾನು, ಆ ಬೆರಳು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಚಪ್ಪಾಳೆ ಯಾವಾಗಲೋ ನಿಂತುಹೋಗಿತ್ತು. ರೇಣುಕಾ ಮಾತ್ರ ಅಳುತ್ತ ಒಂದೇ ಮಾತು ಹೇಳುತ್ತಿದ್ದಳು: "ಕುಂದರಸ್ರಿ ಅಕ್ಕೋರ, ಆಕೀನ್ನ ಕುಂದರಸ್ರಿ. ಕುಂತರ ಆರಾಮ ಆಕ್ಕಾಳ್ರಿ." ಬೇರೆ ದಾರಿ ತೋಚದೆ, ಮಂಡಿ ಎದೆಗೆ ಒತ್ತಿ ಮಡಿಲಲ್ಲಿ ಕೂರಿಸಿಕೊಂಡೆ. ಅಧಿಕಾರಿಯ ಜೀಪಿನಲ್ಲೇ ಹುನಗುಂದದ ದವಾಖಾನೆಗೆ ಓಡಿದೆವು. ದಾರಿಯಲ್ಲಿ ಅವಳ ಉಸಿರು ಹಿಂತಿರುಗಿತು. ಅಲ್ಲಿಂದ ಅಂದೇ ಬಾಗಲಕೋಟೆಗೆ ಕಳಿಸಿದರು.

ಬಾಗಲಕೋಟೆಯ ಡಾಕ್ಟರು ಹೆಂಗಸು. ನನ್ನಷ್ಟೇ ವಯಸ್ಸು ಇದ್ದೀತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, "ಆಡೂಮುಂದ ನಡುವ ಕುಕ್ಕರಗಾಲಲೆ ಕುಂದರತಾಳೇನು?" ಎಂದು ಕೇಳಿದರು.

"ಎಂಟಕ್ಕ ಕುಂದರತಾಳ್ರಿ" ಎಂದೆ. ಅವರಿಗೆ ತಿಳಿಯಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಹೃದಯದಲ್ಲಿ ರಂಧ್ರ ಇದೆ, ಪುಪ್ಪಸಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿದೆ, ಹುಟ್ಟಿದಾಗಿನಿಂದಲೇ ಇದ್ದದ್ದು, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದರು. "ಹಂಗ ಕುಂತಾಗ ಈಕಿಗೆ ಉಸಿರು ಸರಿ ಆಕ್ಕೈತಿ. ಯಾರೂ ಕಲಿಸಿದ್ದಲ್ಲ, ಕೂಸು ತಾನ ಕಂಡ್ಕೊಂಡ ಔಷಧ ಅದು."

ಆ ಔಷಧವನ್ನು ನಾನು ಎಲ್ಲರೆದುರಿಗೆ ಕೂಗಿ ಕಿತ್ತುಕೊಂಡಿದ್ದೆ. ದವಾಖಾನೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಇಟ್ಟು ಅತ್ತೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ.

ಒಪ್ಪಿಗೆಗೆ ಅಪ್ಪ ಬೇಕಿತ್ತು. ಸಿದ್ದಪ್ಪ ಕುರಿಗಳ ಜೊತೆ ಮಲಪ್ರಭೆಯ ದಂಡೆಯಲ್ಲಿ, ಸಂಗಮದ ಹತ್ತಿರ ಎಲ್ಲೋ ಇದ್ದಾನೆ ಎಂದಷ್ಟೇ ಆಯಿಗೆ ಗೊತ್ತಿತ್ತು. ಮೂರನೆಯ ದಿನ ಹೆಡ್‌ಮಾಸ್ತರರ ಮೋಟರ್‌ಸೈಕಲ್ಲಿನ ಹಿಂದೆ ಕೂತು ಹೊರಟೆ. ಜಿಟಿಜಿಟಿ ಮಳೆ, ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಗಾಡಿ ನಡೆಸುವುದಕ್ಕಿಂತ ನೂಕಿದ್ದೇ ಹೆಚ್ಚು. ಸಂಜೆ ಐದರ ಹೊತ್ತಿಗೆ ಒಂದು ಹೊಲದಲ್ಲಿ ಸಿದ್ದಪ್ಪ ಸಿಕ್ಕ. ಹೆಗಲ ಮೇಲೆ ಕಂಬಳಿ, ರಾತ್ರಿಯ ದೊಡ್ಡಿಗೆಂದು ಸುತ್ತ ಕಟ್ಟಿದ ಬಲೆಯೊಳಗೆ ಕುರಿಗಳನ್ನು ಬಿಡುತ್ತಿದ್ದ. ಬಲೆಯ ಸಂದಿಯಲ್ಲಿ ನಿಂತು, ಒಳಗೆ ಹೋಗುವ ಪ್ರತಿ ಕುರಿಯ ಬೆನ್ನು ಮುಟ್ಟಿ ಎಣಿಸುತ್ತಿದ್ದ. ಎಣಿಕೆಯ ನಡುವೆ ಮಾತಾಡಿಸುವ ಹಾಗಿಲ್ಲ. ನಾವು ಮಳೆಯಲ್ಲಿ ನಿಂತೆವು. ಕೊನೆಯ ಕುರಿ ಒಳಗೆ ಹೋದ ಮೇಲೆ, "ಏನ್ರಿ ಸರ್, ನನ್ನ ಮಗಳಿಗೇನಾರ ಆತೇನ್ರಿ?" ಎಂದು ಕೇಳಿದ.

ಹೆಡ್‌ಮಾಸ್ತರರು ಸಮಾಧಾನದಿಂದ ಹೇಳಲು ಶುರು ಮಾಡಿದ್ದರು. ನಾನು ನಡುವೆ ಬಾಯಿ ಹಾಕಿ, "ನಾನ ಜಿಗಿಸಿದ್ದಪ್ಪಾ. ಕುಂದರತೇನಿ ಅಂದಾಕೀನ್ನ ಬಿಡಲಿಲ್ಲ. ಆಕೀಗಿ ಎಂಟರ ಮುಂದ ಎಣಿಸಾಕ ಬರೂದಿಲ್ಲ ಅಂತ ತಿಳ್ಕೊಂಡೆ" ಎಂದೆ.

ಸಿದ್ದಪ್ಪ ನನ್ನ ಮುಖವನ್ನೇ ನೋಡಿದ. "ಎಂಟ? ಅಕ್ಕೋರ, ಆಕೀಗಿ ಇನ್ನೂರ ಬರತಾವ್ರಿ" ಎಂದ. "ಊರಿಗೆ ಬಂದಾಗ ನನ್ನ ಹೆಗಲ ಮ್ಯಾಲೆ ಕುಂತು ಆಕೀನ ಕುರಿ ಎಣಸ್ತಾಳ. ನಂದ ತಪ್ಪತೈತಿ, ಆಕೀದು ತಪ್ಪೂದಿಲ್ಲ."

ಬಲೆಯೊಳಗೆ ಮರಿಗಳು ತಾಯಿಯನ್ನು ಹುಡುಕುತ್ತ ಅರಚುತ್ತಿದ್ದವು. ಸಿದ್ದಪ್ಪನ ಹೆಂಡತಿ ಅಷ್ಟು ದೂರದಲ್ಲಿ ಒಲೆಯ ಮುಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ನಡದ್ರ ದಣೀತಾಳ ಅಂತ ನನಗ ಗೊತ್ತಿತ್ರಿ" ಎಂದ ಸಿದ್ದಪ್ಪ. "ಅಶಕ್ತ ಕೂಸು ಅಂತ ಹೊತ್ಕೊಂಡ ತಿರಗಿದೆ. ಮರಿ ಹೊತ್ತಂಗ ಹೊತ್ತೆ. ನಾ ಹೊತ್ತೆ ಅಂತ ಜಡ್ಡು ಗೊತ್ತಾಗಲಿಲ್ಲ, ನೀವು ಇಳಿಸಿ ನಡಸಿದ್ರಿ ಅಂತ ಗೊತ್ತಾತು. ಈಗ ಯಾರನ್ನ ಬೈಯೂದ್ರಿ?"

ಶಸ್ತ್ರಚಿಕಿತ್ಸೆಯ ಮಾತಿಗೆ ಮಾತ್ರ ಅವನು ಒಪ್ಪಲಿಲ್ಲ. ಖರ್ಚೆಲ್ಲ ಸರಕಾರದ್ದು, ಬೆಂಗಳೂರಿನ ದೊಡ್ಡ ಆಸ್ಪತ್ರೆ ಎಂದು ಹೆಡ್‌ಮಾಸ್ತರರು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದ. "ನಾ ಕುರಿ ಕೊಯ್ದ ಮನಷ್ಯಾ ಅದೇನ್ರಿ ಸರ್. ಎದಿ ಕೊಯ್ದ ಮ್ಯಾಲೆ ಎದ್ದು ನಿಂತ ಜೀವ ನಾ ಒಂದೂ ಕಂಡಿಲ್ಲ." ಒಪ್ಪಿಸಿದವಳು ಅವನ ಹೆಂಡತಿ. ಒಲೆಯ ಹತ್ತಿರದಿಂದಲೇ, "ಹಂಗ ಬಿಟ್ರ ಉಳೀತಾಳೇನು? ಕೇಳ ಅವರನ್ನ" ಎಂದಳು. ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಬಾಯಿ ಬಿಟ್ಟು ಹೇಳಬೇಕಾಯಿತು. ಸಿದ್ದಪ್ಪ ಕಂಬಳಿ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು, ಯಾವತ್ತು ಬರಬೇಕು ಎಂದು ಕೇಳಿದ.

ದಸರಾ ರಜೆ ಮುಗಿದ ವಾರ ಅವರು ಬೆಂಗಳೂರಿಗೆ ಹೊರಟರು. ಹುನಗುಂದದ ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಆಯಿ ಜೋಳದ ರೊಟ್ಟಿಯ ಗಂಟು ಹಿಡಿದು, ಬೀರಪ್ಪನ ಭಂಡಾರದ ಅರಿಸಿನವನ್ನು ಮೊಮ್ಮಗಳ ಹಣೆಗೆ ಮೂರು ಸಲ ಹಚ್ಚಿದಳು. ಮಾಳವ್ವ ಅಪ್ಪನ ಹೆಗಲ ಮೇಲಿದ್ದಳು. ಅಲ್ಲಿಂದ ಬಗ್ಗಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಅಕ್ಕೋರ, ಆರಾಮಾಗಿ ಬಂದು ಇಪ್ಪತ್ತರ ತನಕಾ ನಾನ ಜಿಗೀತೇನ್ರಿ. ರೇಣುಕಾನ್ನ ಕರಿಯೂದಿಲ್ಲ. ಗೆರಿ ಅಳಸಬ್ಯಾಡ್ರಿ."

"ಇಲ್ಲವ್ವಾ, ಅಳಸೂದಿಲ್ಲ" ಎಂದೆ.

ಅಳಿಸಿದೆ. ಮುಂದಿನ ಭಾನುವಾರ ಯಾರೂ ಇಲ್ಲದಾಗ ಶಾಲೆಗೆ ಹೋಗಿ, ಸೀಮೆಎಣ್ಣೆ ಹಚ್ಚಿ, ಕಲ್ಲಿನಿಂದ ಉಜ್ಜಿ ಉಜ್ಜಿ ಇಪ್ಪತ್ತು ಮನೆಗಳನ್ನೂ ಅಳಿಸಿದೆ. ಆಯಿಲ್ ಪೇಂಟು ಸುಲಭಕ್ಕೆ ಬಿಡಲಿಲ್ಲ, ಅಂಗೈ ಬೊಬ್ಬೆ ಬಂತು. ದಿನಾ ಆ ಹದಿಮೂರನ್ನು ದಾಟಿ ತರಗತಿಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಅವಳು ತಿರುಗಿ ಬರದಿದ್ದರೆ ಆ ಗೆರೆಯನ್ನು ಹೇಗೆ ನೋಡಲಿ ಎನ್ನುವುದೇ ನನ್ನ ಚಿಂತೆ. ತಿರುಗಿ ಬಂದರೆ ಅವಳಿಗೆ ಅದು ಬೇಕಾಗುತ್ತದೆ ಎಂದು ಯೋಚಿಸಲೇ ಇಲ್ಲ. ಸೋಮವಾರ ಮಕ್ಕಳು ಬಂದು ಖಾಲಿ ಚಪ್ಪಡಿ ನೋಡಿದರು, ನನ್ನನ್ನು ನೋಡಿದರು. ನಾನು ಅವರನ್ನು ಒಳಗೆ ಕೂರಿಸಿ ಬೆರಳು ಮಡಚುವ ಲೆಕ್ಕ ಹೇಳಿಕೊಟ್ಟೆ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ, ಅಲ್ಲೇ ಕಾಯುತ್ತಿದ್ದಾರೆ ಎಂಬ ಸುದ್ದಿ ಬಂದ ತಿಂಗಳೇ ನನಗೆ ಬಾದಾಮಿಯ ಕಡೆಗೆ ವರ್ಗ ಆಯಿತು. ಕೇಳಿ ಪಡೆದದ್ದು. ಹೋದ ಮೇಲೆ ಹೆಡ್‌ಮಾಸ್ತರರ ಫೋನು ಎರಡು ಸಲ ಬಂತು. ಪರದೆಯ ಮೇಲೆ ಹೆಸರು ಮಿನುಗುವುದನ್ನು ನೋಡುತ್ತ ಕೂತೆ, ಎತ್ತಲಿಲ್ಲ. ಮೂರನೆಯ ಸಲ ಅವರು ಮಾಡಲಿಲ್ಲ. ಅಂದಿನಿಂದ ಇಂದಿನವರೆಗೆ ಒಂದು ಮಗುವನ್ನೂ ನಾನು ಜಿಗಿಸಿ ಲೆಕ್ಕ ಕಲಿಸಿಲ್ಲ.

ಮತದಾನದ ದಿನ ನನಗೆ ಸಿಕ್ಕಿದ್ದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಪಕ್ಕದಲ್ಲಿ ಕೂತವರು ಪಟ್ಟಿ ನೋಡಿ ಕ್ರಮಸಂಖ್ಯೆ, ಹೆಸರು ಜೋರಾಗಿ ಓದುತ್ತಾರೆ. ನಾನು ಎಡಗೈ ತೋರುಬೆರಳಿಗೆ ಶಾಯಿಯ ಗೆರೆ ಎಳೆಯಬೇಕು. ಬೆಳಿಗ್ಗೆ ಏಳರಿಂದ ತಲೆ ಬಗ್ಗಿಸಿ ಬೆರಳುಗಳನ್ನಷ್ಟೇ ನೋಡಿದೆ. ಪ್ರತಿ ಹೆಸರು ಓದಿದಾಗಲೂ ಕಿವಿ ನಿಮಿರುತ್ತಿತ್ತು. ಹತ್ತು ಗಂಟೆಗೆ ರೇಣುಕಾ ಎಂಬ ಹೆಸರು ಬಂತು, ತಲೆ ಎತ್ತಿ ನೋಡಿದರೆ ಯಾರೋ ಮುದುಕಿ. ಮಧ್ಯಾಹ್ನ ಕಳೆಯಿತು. ಮೂರಾಯಿತು, ನಾಲ್ಕಾಯಿತು. ಊಟದ ಡಬ್ಬಿ ತೆರೆಯಲೇ ಇಲ್ಲ. ಇನ್ನೇನು, ಇಲ್ಲ ಎಂದೇ ಆಯಿತು ಎಂದು ಮನಸ್ಸಿಗೆ ಹೇಳಿಕೊಳ್ಳತೊಡಗಿದ್ದೆ. ಮಕ್ಕಳು ಎಂಟಕ್ಕೆ ಕೂರುವುದು ಸತ್ತವಳ ಮೇಲಿನ ಮಮತೆಗೇ ಇರಬೇಕು ಎಂದುಕೊಂಡೆ.

"ಮಾಳವ್ವ, ತಂದಿ ಸಿದ್ದಪ್ಪ" ಎಂದು ಪಕ್ಕದವರು ಓದಿದರು.

ಮೇಜಿನ ಮೇಲೆ ಒಂದು ಎಡಗೈ ಬಂದು ಕೂತಿತು. ಕೆಲಸ ಮಾಡಿ ಗಟ್ಟಿಯಾದ ಕೈ. ಬೆರಳ ತುದಿ ಉಬ್ಬಿರಲಿಲ್ಲ. ಉಗುರು ಚಪ್ಪಟೆಯಾಗಿ, ತಿಳಿಗುಲಾಬಿ ಬಣ್ಣಕ್ಕಿತ್ತು. ನಾನು ಎಳೆದ ಶಾಯಿಯ ಗೆರೆ ಸೊಟ್ಟಗಾಯಿತು. ತಲೆ ಎತ್ತಿದೆ. ಎತ್ತರದ ಹುಡುಗಿ, ಚೂಡಿದಾರದ ಕೊರಳಿನ ಮೇಲೆ ಹಳೆಯ ಗಾಯದ ಬಿಳಿ ಕಲೆಯ ತುದಿ ಒಂದು ಬೆರಳಿನಷ್ಟು ಕಾಣುತ್ತಿತ್ತು. ಅವಳು ಬಾಗಿಲಲ್ಲಿ ಬರುವಾಗಲೇ ನನ್ನನ್ನು ಗುರುತಿಸಿದ್ದಳೆಂದು ಕಾಣುತ್ತದೆ.

"ಅಕ್ಕೋರ" ಎಂದಳು ಮೆಲ್ಲಗೆ. "ನಾ ತಿರಗಿ ಬಂದಾಗ ಗೆರಿ ಇದ್ದಿಲ್ರಿ."

"ತಪ್ಪಾತವ್ವಾ" ಎಂದೆ.

"ಭಾಳ ಹುಡುಕಿದ್ನಿರಿ" ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ. "ಆಮ್ಯಾಲೆ ನಾನೂ ರೇಣುಕಾನೂ ಸುಣ್ಣಾ ತಂದು ನಾವ ಹಾಕಿದ್ವಿ. ನಿಮ್ಮಷ್ಟು ನೆಟ್ಟಗ ಬರಲಿಲ್ಲ."

ಹಿಂದಿನವರು ನೂಕುತ್ತಿದ್ದರು. ಅವಳು ಸಹಿ ಮಾಡಿ ಯಂತ್ರದ ಕಡೆ ಹೋದಳು. ಸದ್ದು ಬಂತು, ಮತ ಬಿತ್ತು. ಹೊರಗೆ ಹೋಗುವಾಗ ತಿರುಗಿ ನೋಡಲಿಲ್ಲ.

ನನ್ನ ಕುರ್ಚಿಯಿಂದ ಬಾಗಿಲಾಚೆಗೆ ಬೇವಿನ ಮರದ ಕೆಳಗಿನ ಚಪ್ಪಡಿಗಳು ಕಾಣುತ್ತಿದ್ದವು. ಗೇಟಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ. ಮಾಳವ್ವ ಅಲ್ಲಿಗೆ ಬಂದು ಒಂದು ಗಳಿಗೆ ನಿಂತಳು. ಆಮೇಲೆ ದಾರಿ ಬಿಟ್ಟು ಮಕ್ಕಳ ಗೆರೆಯ ಮೇಲೆ ಕಾಲಿಟ್ಟಳು. ಜಿಗಿಯಲಿಲ್ಲ, ಸಂತೆಗೆ ಹೋಗುವವಳಂತೆ ಸುಮ್ಮನೆ ನಡೆದಳು, ಒಂದೊಂದು ಮನೆಗೆ ಒಂದೊಂದು ಹೆಜ್ಜೆ. ನನಗೆ ಗೊತ್ತಿಲ್ಲದೆಯೇ ನಾನು ಎಣಿಸತೊಡಗಿದ್ದೆ. ಲಾಭ, ಎರಡು, ಮೂರು. ಎಂಟಕ್ಕೆ ಬಂದಳು. ನಿಲ್ಲಲಿಲ್ಲ. ಒಂಬತ್ತು, ಹತ್ತು. ಹದಿಮೂರನೆಯ ಮನೆಯಲ್ಲಿ ಅವಳ ಕಾಲು ಬೀಳುವವರೆಗೆ ನಾನು ಉಸಿರು ಬಿಡಲಿಲ್ಲ. ಹದಿನಾಲ್ಕು. ಹದಿನೈದು.

"ಅಕ್ಕೋರ, ಏನ ಎಣಸ್ತೀರಿ? ಶಾಯಿ ಹಚ್ಚರಿ" ಎಂದು ಎದುರಿಗೆ ಬೆರಳು ಚಾಚಿ ನಿಂತಿದ್ದ ಮುದುಕ ರೇಗಿದ.

"ಒಂದ ಗಳಿಗಿ ತಡೀಪಾ ಯಜ್ಜಾ" ಎಂದೆ. "ಇನ್ನಾ ಐದ ಉಳದಾವ."